‘ಹಿಮೋಗ್ಲೋಬಿನ್ ಬರೋಬ್ಬರಿ ಐತಿ, ಆದ್ರೂ ಡಾಕ್ಟ್ರು ಕುಡೀತೀರೇನ್ರಿ ಅಂತ ಯಾಕ ಕೇಳಿದ್ರು?’

ಹುಬ್ಬಳ್ಳಿ-ಧಾರವಾಡದ ಕಡೆ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ಪರೀಕ್ಷೆ, ಮಾಡಿಸಿದವರು ಮೊದಲು ನೋಡುವುದು ಹಿಮೋಗ್ಲೋಬಿನ್. ಅದು 14 ಇದ್ದರೆ ರಿಪೋರ್ಟ್ ಮಡಚಿ ಕಿಸೆಗೆ ಹಾಕುತ್ತಾರೆ. ಡಾಕ್ಟರ ಕಣ್ಣು ನಿಲ್ಲುವುದು ಎಂಸಿವಿ ಎಂಬ ಸಾಲಿನ ಮೇಲೆ. ಅದು ಕೆಂಪು ಕಣದ ಸರಾಸರಿ ಗಾತ್ರ. 80ರಿಂದ 100 ಫೆಮ್ಟೋಲೀಟರ್ ಇರಬೇಕು. ದಿನಾ ಕ್ವಾರ್ಟರ್ ಹಾಕುವವರಲ್ಲಿ ಎಷ್ಟೋ ಸಲ 100 ದಾಟಿರುತ್ತದೆ. ರಕ್ತ ಇಳಿಯುವ ಮೊದಲೇ ಕಣ ದಪ್ಪಗಾಗುತ್ತದೆ. ಬಿ12 ಕೊರತೆ, ಥೈರಾಯ್ಡ್ ಮಂದವಾಗುವುದು, ಕೆಲವು ಔಷಧಿ, ಇವುಗಳಿಂದಲೂ ಹೀಗಾಗುವುದುಂಟು. ಅದಕ್ಕೇ ಆ ಪ್ರಶ್ನೆ, ಸಿಟ್ಟಾಗಬೇಡಿ.

ರಕ್ತಕಣ ಹುಟ್ಟುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಶೆರೆ ಅಲ್ಲಿನ ಎಳೆಯ ಕಣಗಳಿಗೇ ನೇರವಾಗಿ ವಿಷ; ಸೂಕ್ಷ್ಮದರ್ಶಕದಡಿ ಅವುಗಳೊಳಗೆ ಗುಳ್ಳೆಗಳು ಕಾಣುತ್ತವೆ. ಜೊತೆಗೆ ರಕ್ತಕಣ ತಯಾರಾಗಲು ಬೇಕಾದ ಫೋಲೇಟ್ ಎಂಬ ವಿಟಮಿನ್ ಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗದೆ ಮೂತ್ರದಲ್ಲಿ ಸೋರಿಹೋಗುತ್ತದೆ. ಊಟ ಬಿಟ್ಟು ಬರೀ ಶೇಂಗಾ, ಮಿರ್ಚಿ ಮೇಲೆ ರಾತ್ರಿ ಕಳೆಯುವವರಿಗೆ ಮೆಂತ್ಯೆ ಪಲ್ಯೆ, ಹೆಸರುಕಾಳಿನಿಂದ ಬರಬೇಕಾದ ಫೋಲೇಟೂ ತಪ್ಪುತ್ತದೆ. ಹಾಗಂತ ಫೋಲಿಕ್ ಆ್ಯಸಿಡ್ ಗುಳಿಗೆ ನುಂಗುತ್ತಾ ಕುಡಿಯುವುದು ಉಪಾಯವಲ್ಲ, ಏಕೆಂದರೆ ಫೋಲೇಟ್ ಸರಿಯಿದ್ದವರಲ್ಲೂ ಕಣ ದಪ್ಪಗಾಗುತ್ತದೆ. ಬಿ12 ನೋಡದೆ ಬರೀ ಈ ಗುಳಿಗೆ ತಗೊಂಡರೆ ರಕ್ತ ಸುಧಾರಿಸಿದಂತೆ ಕಂಡು, ಒಳಗೆ ನರದ ತೊಂದರೆ ಬೆಳೆಯುತ್ತಲೇ ಇರಬಹುದು.

ಶೆರೆಯಿಂದ ರೋಗದ ವಿರುದ್ಧ ಹೋರಾಡುವ ಬಿಳಿ ಕಣಗಳೂ ಕುಗ್ಗಬಹುದು, ಇದ್ದವೂ ಮಂದವಾಗಬಹುದು; ಆಗ ನ್ಯುಮೋನಿಯಾ ಬೇಗ ಹಿಡಿಯುತ್ತದೆ.

ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕೆಳಗಿಳಿದಾಗ ನಮ್ಮಲ್ಲಿ ಮೊದಲು ನೆನಪಾಗುವುದು ಡೆಂಗಿ, ಆಮೇಲೆ ಪಪ್ಪಾಯಿ ಎಲೆ ರಸ. ಜ್ವರವೇ ಇಲ್ಲದೆ ಇಳಿದಿದ್ದರೆ ಶೆರೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕುಡಿತ ಬಿಟ್ಟರೆ ಪ್ಲೇಟ್‌ಲೆಟ್ ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ಸರಿಹೋಗುತ್ತದೆ. ಎರಡು-ಮೂರನೇ ವಾರದಲ್ಲಿ ಮಾಮೂಲಿಗಿಂತ ಹೆಚ್ಚೂ ಆಗಬಹುದು, ಅದಕ್ಕೆ ಗಾಬರಿ ಬೇಡ. ಏರದೇ ಉಳಿದರೆ ಲಿವರ್ ಗಟ್ಟಿಯಾಗಿ ಗುಲ್ಮ (ಸ್ಪ್ಲೀನ್) ಊದಿ ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಂಡಿದೆಯೇ ಎಂದು ಸ್ಕ್ಯಾನ್ ಮಾಡಿಸಬೇಕಾಗುತ್ತದೆ.

ಎಂಸಿವಿ ಮಾತ್ರ ಅವಸರಕ್ಕೆ ಬಗ್ಗುವುದಿಲ್ಲ. ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಹಳೆಯ ದಪ್ಪ ಕಣಗಳು ಸತ್ತು ಹೊಸವು ತುಂಬಲು ಮೂರ್ನಾಲ್ಕು ತಿಂಗಳು ಬೇಕು. ಬಿಟ್ಟ ಹದಿನೈದು ದಿನಕ್ಕೇ ಮತ್ತೆ ಸಿಬಿಸಿ ಮಾಡಿಸಿ ‘ಏನೂ ಫರಕ ಆಗ್ಲಿಲ್ಲ’ ಎನ್ನುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ಮಾತು. ವರ್ಷಗಟ್ಟಲೆ ದಿನಾ ಕುಡಿದವರು ತಾವೇ ಒಮ್ಮೆಲೇ ನಿಲ್ಲಿಸಬಾರದು. ಮೊದಲ ಎರಡು ದಿನದಲ್ಲಿ ಫಿಟ್ಸ್, ಎರಡು-ಮೂರನೇ ದಿನಕ್ಕೆ ಭ್ರಮೆ, ನಡುಕ, ಜೀವಕ್ಕೇ ಅಪಾಯ ಬರಬಹುದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ನಿಮ್ಮ ಜಿಲ್ಲಾ ಆಸ್ಪತ್ರೆಗೋ ಮೊದಲು ಹೋಗಿ, ದಿನಕ್ಕೆ ಎಷ್ಟು, ಕೊನೆಯ ಸಲ ಯಾವಾಗ ಕುಡಿದದ್ದು ಎಂಬುದನ್ನು ಮುಚ್ಚಿಡದೆ ಹೇಳಿ.