ಮರ ಚಿಗುರುವ ಮೊದಲು, ಈನೋ ಹೊಳೆ ದಂಡೆಯಲ್ಲಿ

ಮಾರ್ಚ್ 15, 2025, ಶನಿವಾರ
ಡರ್ಹಮ್, ನಾರ್ತ್ ಕೆರೊಲಿನಾ

ಅಪ್ಪ ಊರಿಂದ ಬಂದಾಗಿನಿಂದ ಮಾಲ್, ದೇವಸ್ಥಾನ, ಮತ್ತೆ ಮಾಲ್. ಅವರಿಗೂ ಸಾಕಾಗಿತ್ತು. ದಿನಾ ಬೆಳಿಗ್ಗೆ ತೆಂಗಿನ ತೋಟ ಸುತ್ತುತ್ತಿದ್ದ ಮನುಷ್ಯ, ಅಪಾರ್ಟ್‌ಮೆಂಟಿನಲ್ಲಿ ಎಷ್ಟು ಅಂತ ಕೂರುತ್ತಾರೆ ಪಾಪ. ಅದಕ್ಕೇ ಈನೋ ರಿವರ್ ಸ್ಟೇಟ್ ಪಾರ್ಕಿನ ಹೂವಿನ ನಡಿಗೆಗೆ ಮೂವರ ಹೆಸರೂ ಬರೆಸಿದ್ದೆ: ಅಪ್ಪ, ನಾನು, ಮಗಳು. ಪಂಪ್ ಸ್ಟೇಷನ್ ಟ್ರೇಲ್ ಅಂತ. ಒಂದೂವರೆ ಮೈಲಿ ಆಸುಪಾಸಿನ ದಾರಿ, ದೊಡ್ಡ ಏರಿಲ್ಲ. ಅಪ್ಪನ ಮಂಡಿಗೆ ಹೇಳಿ ಮಾಡಿಸಿದ ಹಾಗಿದೆ.

ಕಾರಿಂದ ಇಳಿದವರೇ ಸುತ್ತ ನೋಡಿ, "ಏನೇ ಇದು, ಎಲ್ಲಾ ಬೋಳು ಮರ! ಹೂ ಎಲ್ಲಿ?" ಅಂದರು. ಬೀಚ್ ಅನ್ನುವ ಜಾತಿಯ ಮರಗಳಲ್ಲಿ ಮಾತ್ರ ಹೋದ ವರ್ಷದ ಒಣ ಎಲೆ ಇನ್ನೂ ನೇತಾಡುತ್ತಿತ್ತು. ಗೈಡ್ ನಿವೃತ್ತರಾದ ಒಬ್ಬ ಹೆಂಗಸು, ಸ್ವಯಂಸೇವಕಿ. ಕೈಯಲ್ಲಿದ್ದ ಕೋಲಿನಿಂದ ಅವರು ನೆಲ ತೋರಿಸಿದರು. ಹೂವೆಲ್ಲ ಕಾಲ ಬುಡದಲ್ಲೇ ಇತ್ತು.

ಇಲ್ಲಿನ ಕಾಡಿನಲ್ಲಿ ಮರಗಳು ತುಂಬ ಎಲೆ ಬಿಡುವುದು ಏಪ್ರಿಲ್‌ನಲ್ಲಿ. ಆಮೇಲೆ ನೆಲಕ್ಕೆ ಬಿಸಿಲು ಸಿಗುವುದು ಕಷ್ಟ. ಅಷ್ಟರೊಳಗೆ ಈ ಪುಟ್ಟ ಗಿಡಗಳು ಎಲೆ ಬಿಟ್ಟು, ಹೂ ಬಿಟ್ಟು, ಬೀಜ ಕಟ್ಟಿ, ಬರುವ ವರ್ಷಕ್ಕೆ ಬೇಕಾದ್ದನ್ನು ಗೆಡ್ಡೆಯಲ್ಲಿ ಕೂಡಿಟ್ಟುಕೊಳ್ಳಬೇಕು. ಬೇಸಿಗೆ ರಜೆಯಲ್ಲಿ ಬಂದು ಹುಡುಕಿದರೆ ಎಷ್ಟೋ ಗಿಡಗಳ ಗುರುತೂ ಸಿಗುವುದಿಲ್ಲ.

ಮೊದಲು ಕಂಡಿದ್ದು ಟ್ರೌಟ್ ಲಿಲಿ. ಹಸಿರು ಎಲೆ ಮೇಲೆ ಕಂದು ಮಚ್ಚೆ, ತಲೆ ತಗ್ಗಿಸಿದ ಹಳದಿ ಹೂ. ಇಳಿಜಾರಿನ ತುಂಬ ಎಲೆಗಳೇ ಎಲೆ, ಹೂ ಮಾತ್ರ ಅಲ್ಲೊಂದು ಇಲ್ಲೊಂದು. "ಒಂದೇ ಎಲೆಯ ಗಿಡ ಹೂ ಬಿಡುವುದಿಲ್ಲ, ಎರಡು ಎಲೆ ಬರಬೇಕು," ಅಂದರು ಗೈಡ್. ಬೀಜ ಬಿದ್ದ ಮೇಲೆ ಅಲ್ಲಿಗೆ ಮುಟ್ಟಲು ನಾಲ್ಕರಿಂದ ಏಳು ವರ್ಷ ಬೇಕಂತೆ. ಮಗಳು ತಕ್ಷಣ ಕುಕ್ಕರಗಾಲಲ್ಲಿ ಕೂತು ಎರಡೆಲೆಯವನ್ನು ಹುಡುಕತೊಡಗಿದಳು. ಎದುರಿಂದ ಬಂದವರಿಗೆ ದಾರಿ ಬಿಡಲು ನಾನು ಪಕ್ಕಕ್ಕೆ ಸರಿಯುವುದರಲ್ಲಿದ್ದೆ. "ಅಮ್ಮಾ, ಏಳು ವರ್ಷ!" ಅಂತ ಕೂಗಿದಳು. ಅವಳಿಗೀಗ ಏಳು.

ಈ ಬೀಜಗಳನ್ನು ಹರಡುವುದು ಇರುವೆಗಳು. ಬೀಜಕ್ಕೆ ಅಂಟಿಕೊಂಡಂತೆ ಒಂದು ಚೂರು ಕೊಬ್ಬಿನಂಥ ತಿರುಳು ಇರುತ್ತದೆ. ಇರುವೆ ಅದರ ಆಸೆಗೆ ಬೀಜವನ್ನು ಗೂಡಿಗೆ ಎಳೆದೊಯ್ದು, ತಿರುಳು ತಿಂದು, ಬೀಜವನ್ನು ಬಿಸಾಡುತ್ತದೆ. ಆದರೆ ಇರುವೆ ಎಷ್ಟು ದೂರ ಒಯ್ದೀತು? ಕೆಲವು ಅಡಿ, ಅಷ್ಟೇ. ಒಮ್ಮೆ ಉತ್ತ ಜಮೀನಿನಲ್ಲಿ ಮತ್ತೆ ಕಾಡು ಬೆಳೆದರೂ ಈ ಹೂಗಳು ವಾಪಸ್ ಬರುವುದು ತುಂಬಾ ನಿಧಾನ, ಅದಕ್ಕೇ. ಹೊಳೆಯ ಕಡಿದಾದ ದಂಡೆಗಳು ನೇಗಿಲಿಗೆ ಸಿಗದೆ ಬಚಾವಾದವು. ಇದನ್ನು ಕೇಳಿಸಿಕೊಂಡ ಮೇಲೆ, ಕಾಡು ಕಡಿದರೇನಂತೆ ಬೇರೆ ಕಡೆ ಗಿಡ ನೆಟ್ಟರಾಯ್ತು ಅನ್ನುವವರ ಮೇಲೆ ನನಗೆ ಇನ್ನೂ ಜಾಸ್ತಿ ಸಿಟ್ಟು ಬರುತ್ತಿದೆ.

ಮುಂದೆ ಬ್ಲಡ್‌ರೂಟ್. ಚಳಿಗೆ ಶಾಲು ಹೊದ್ದವರ ಹಾಗೆ, ಒಂದೇ ಎಲೆ ಕಾಂಡವನ್ನು ಸುತ್ತಿಕೊಂಡಿತ್ತು. ಮೇಲೆ ಅಚ್ಚ ಬಿಳಿ ಹೂ. ಗಡ್ಡೆ ಮುರಿದರೆ ಕೆಂಪು ರಸ ಬರುತ್ತದಂತೆ, ಆದರೆ ಇಲ್ಲಿ ಏನನ್ನೂ ಕೀಳುವ ಹಾಗಿಲ್ಲ. ಒಂದೆರಡು ದಿನದಲ್ಲಿ ಎಸಳು ಉದುರಿಹೋಗುವ ಹೂ ಅದು. ಸ್ಪ್ರಿಂಗ್ ಬ್ಯೂಟಿ ಅನ್ನುವ ಇನ್ನೊಂದು ಹೂವಿನ ಎಸಳಿನಲ್ಲಿ ಗುಲಾಬಿ ಗೆರೆ ಎಳೆದಿತ್ತು. ಅದರ ಪರಾಗವನ್ನೇ ನಂಬಿಕೊಂಡಿರುವ ಒಂದು ಜಾತಿಯ ಪುಟ್ಟ ಜೇನ್ನೊಣವೂ ಇದೆ.

ಅಪ್ಪನಿಗೆ ಹಿಡಿಸಿದ್ದು ಮಾತ್ರ ಹೂವೇ ಇಲ್ಲದ ಗಿಡ. ಕ್ರೇನ್‌ಫ್ಲೈ ಆರ್ಕಿಡ್. ತರಗೆಲೆ ನಡುವೆ ಒಂಟಿ ಎಲೆ, ಮೇಲೆ ಮಂಕು ಹಸಿರು. ಗೈಡ್ ಬೆರಳ ತುದಿಯಲ್ಲಿ ಅದನ್ನು ಮೆಲ್ಲಗೆ ಮಗುಚಿದರೆ, ಕೆಳಗೆ ನೇರಳೆ ಬಣ್ಣ! ಈ ಗಿಡದ್ದು ಉಲ್ಟಾ ಲೆಕ್ಕ. ಚಳಿಗಾಲವೆಲ್ಲ ಎಲೆ ಇಟ್ಟುಕೊಂಡು ಬಿಸಿಲು ಕುಡಿಯುತ್ತದೆ. ಬೇಸಿಗೆಗೆ ಎಲೆ ಮಾಯ, ಆಮೇಲೆ ಬರಿ ಕಡ್ಡಿಯಲ್ಲಿ ಹೂ. "ಇದು ಬುದ್ಧಿವಂತ ಗಿಡ ಕಣೆ," ಅಂದ ಅಪ್ಪ ಅಲ್ಲಿಂದ ಮುಂದೆ ಎಲ್ಲ ಎಲೆಗಳನ್ನೂ ಬಗ್ಗಿ ಬಗ್ಗಿ ನೋಡುತ್ತಾ ಬಂದರು. ಮಂಡಿನೋವಿನ ಸುದ್ದಿಯೇ ಇಲ್ಲ.

ನ್ಯಾನ್ಸಿ ರೋಡ್ಸ್ ತೊರೆ ದಾಟಿದರೆ ಪಾಳುಬಿದ್ದ ಕಲ್ಲಿನ ಗೋಡೆಗಳು. 1880ರ ದಶಕದಲ್ಲಿ ಡರ್ಹಮ್ ಊರಿಗೆ ನೀರು ಎತ್ತಲು ಕಟ್ಟಿದ ಪಂಪ್‌ಹೌಸ್. ಊರು ಬೆಳೆಯಿತು, ಈ ನೀರು ಸಾಲದಾಯಿತು. 1960ರ ದಶಕದಲ್ಲಿ ಈನೋ ಕಣಿವೆಯಲ್ಲೇ ಜಲಾಶಯ ಮಾಡುವ ಯೋಜನೆ ಬಂತು. ಆಗ ಮಾರ್ಗರೆಟ್ ನೈಗಾರ್ಡ್ ಮತ್ತು ಅಕ್ಕಪಕ್ಕದವರು ಸೇರಿ 1966ರಲ್ಲಿ ಈನೋ ಉಳಿಸುವ ಸಂಘ ಕಟ್ಟಿದರು. ಜನರನ್ನು ಹೊಳೆ ದಂಡೆಗೆ ನಡೆಸಿಕೊಂಡು ಬಂದು ತೋರಿಸುವುದೂ ಅವರ ಹೋರಾಟವೇ ಆಗಿತ್ತು. ಜಲಾಶಯ ಬರಲಿಲ್ಲ, 1973ರಲ್ಲಿ ಪಾರ್ಕ್ ಬಂತು. ಈಗ ನಾಲ್ಕು ಸಾವಿರ ಎಕರೆಗೂ ಜಾಸ್ತಿ ಇದೆ. ಸಂಘ ಇವತ್ತಿಗೂ ದಂಡೆಯ ಜಾಗ ಕೊಂಡು ಪಾರ್ಕಿಗೆ ಸೇರಿಸುತ್ತದೆ.

"ದುಡ್ಡು ಕೊಟ್ಟು ಕೊಂಡು ಸುಮ್ನೆ ಬಿಡ್ತಾರಾ? ಏನೂ ಬೆಳೆಯಲ್ವಾ?" ಅಪ್ಪನಿಗೆ ಅದು ಜೀರ್ಣವಾಗಲಿಲ್ಲ. ಗೈಡ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಜೋರಾಗಿ ನಕ್ಕು, ಸುಮ್ಮನೆ ಬಿಡುವುದೇ ಎಷ್ಟು ಕೆಲಸ ಗೊತ್ತಾ ಅಂದರು. ಹೊರಗಿನಿಂದ ಬಂದ ಕಳೆ ಕೀಳಬೇಕು, ಮಳೆಗೆ ಕೊಚ್ಚಿದ ದಾರಿ ಸರಿಮಾಡಬೇಕು. ಕಳೆ ಅಂದಮೇಲೆ ಅಪ್ಪನಿಗೆ ಅರ್ಥವಾಯಿತು.

ಮನೆಗೆ ಬಂದು ಮೂವರೂ ಟಿಕ್ ಅನ್ನುವ ರಕ್ತ ಹೀರುವ ಹುಳ ಹತ್ತಿದೆಯಾ ಅಂತ ಕಾಲು, ಕುತ್ತಿಗೆ, ಕಿವಿ ಹಿಂದೆ ಎಲ್ಲ ಹುಡುಕಿಕೊಂಡೆವು. ಇಲ್ಲಿನ ಕಾಡಿಗೆ ಹೋಗಿ ಬಂದರೆ ಇದು ಮರೆಯಬಾರದು. ಮಗಳ ಕಾಲುಚೀಲದಲ್ಲಿ ಒಂದು ಸಿಕ್ಕಿತು. ಅಪ್ಪ ಕನ್ನಡಕ ಏರಿಸಿ ನೋಡಿ, "ಥೂ, ಇದು ನಮ್ಮ ದನಕ್ಕೆ ಹತ್ತೋ ಉಣ್ಣೆ ಅಲ್ವಾ! ಇಲ್ಲಿಗೂ ಬಂದಿದೆಯಾ?" ಅಂದರು. ಮೇ ತಿಂಗಳಲ್ಲಿ ಅದೇ ದಂಡೆಯಲ್ಲಿ ಮೌಂಟನ್ ಲಾರೆಲ್ ಅರಳುತ್ತದೆ, ಅದಕ್ಕೂ ಹೆಸರು ಬರೆಸು ಅಂತ ಹೇಳಿ ಮಲಗಲು ಹೋದರು.