ಓಡುತ್ತಿರುವ ವಿಂಡೋವನ್ನು ಎತ್ತಿ ಇನ್ನೊಂದು ತೆರೆಗೆ ಇಡುವುದು

ಕಳೆದ ವರ್ಷ ಒಂದು ಶುಕ್ರವಾರ ಸಂಜೆ, ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲಿನಲ್ಲಿ ಕುಳಿತು, ದೂರದಿಂದಲೇ ಕಚೇರಿಯ ಲಿನಕ್ಸ್ ಯಂತ್ರದಲ್ಲಿ, ಸರ್ಕ್ಯೂಟಿನ ಸಿಗ್ನಲ್‌ಗಳ ಏರಿಳಿತವನ್ನು ಗೆರೆಗಳಾಗಿ ತೋರಿಸುವ ಜಿಟಿಕೆವೇವ್ ತೆರೆದಿದ್ದೆ. ಸಿಮ್ಯುಲೇಷನ್ ಬರೆದಿಟ್ಟ ಫೈಲು ಹಲವು ಗಿಗಾಬೈಟುಗಳಷ್ಟಿತ್ತು. ಅದು ಪೂರ್ತಿ ಲೋಡ್ ಆಗುವಷ್ಟರಲ್ಲಿ ಬಿಡದಿ ದಾಟಿತ್ತು. ನಲವತ್ತಕ್ಕೂ ಹೆಚ್ಚು ಸಿಗ್ನಲ್‌ಗಳನ್ನು ಒಂದೊಂದಾಗಿ ಹುಡುಕಿ ಸೇರಿಸಿ, ಬಸ್‌ಗಳನ್ನು (ಸಿಗ್ನಲ್‌ಗಳ ಗುಂಪುಗಳನ್ನು) ಹದಿನಾರರ ಅಂಕಿಪದ್ಧತಿಯಾದ ಹೆಕ್ಸ್‌ಗೆ ಬದಲಿಸಿ, ಎಡವಟ್ಟಾದ ಕ್ಲಾಕ್ ಸೈಕಲ್ ಮೇಲೆ ಮಾರ್ಕರ್ ಇಟ್ಟು, ಇನ್ನೇನು ಕಾರಣ ಕೈಗೆ ಸಿಕ್ಕಿತು ಎನ್ನುವಾಗ ಮದ್ದೂರಿನ ಆಚೆ ಎಲ್ಲೋ ಮೊಬೈಲ್ ನೆಟ್‌ವರ್ಕ್ ಹೋಯಿತು. ಅದು ಮರಳಿ ಬಂದಾಗ ಟರ್ಮಿನಲ್‌ನಲ್ಲಿ ‘ಬ್ರೋಕನ್ ಪೈಪ್’ ಎಂಬ ಎರಡು ಪದಗಳಿದ್ದವು, ವಿಂಡೋ ಇರಲಿಲ್ಲ. ಹೊಟ್ಟೆ ಉರಿದದ್ದು ಅದಕ್ಕಲ್ಲ. ಅದೇ ಯಂತ್ರದಲ್ಲಿ, ಸಂಪರ್ಕ ಕಡಿದರೂ ಟರ್ಮಿನಲ್ ಕೆಲಸವನ್ನು ಉಳಿಸಿಕೊಳ್ಳುವ ಟಿಮಕ್ಸ್ ಒಳಗೆ ಹಚ್ಚಿಟ್ಟಿದ್ದ ಸಿಮ್ಯುಲೇಷನ್ ಮಾತ್ರ ಏನೂ ಆಗಿಲ್ಲವೆಂಬಂತೆ ಓಡುತ್ತಲೇ ಇತ್ತು.

ಬರಿಯ ಅಕ್ಷರಗಳಲ್ಲಿ ನಡೆಯುವ ಪ್ರೋಗ್ರಾಂಗಳನ್ನು ಒಂದು ಟರ್ಮಿನಲ್‌ನಿಂದ ಬಿಡಿಸಿ ಇನ್ನೊಂದಕ್ಕೆ ಅಂಟಿಸುವ ‘ಸ್ಕ್ರೀನ್’ 1987ರಿಂದಲೇ ಇದೆ. ಯುನಿಕ್ಸ್ ಯಂತ್ರಗಳ ಚಿತ್ರಮಯ ತೆರೆಗೆ ಆಧಾರವಾದ ಎಕ್ಸ್11 ಕೂಡ ಹೊರಬಂದದ್ದು ಅದೇ ವರ್ಷ. ಎಕ್ಸ್ ಹುಟ್ಟಿದ್ದು 1984ರಲ್ಲಿ, ಎಂಐಟಿಯಲ್ಲಿ, ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟಿಸ್ ಅವರ ಕೈಯಲ್ಲಿ. ಪ್ರೋಗ್ರಾಂ ಒಂದು ಯಂತ್ರದಲ್ಲಿ ಓಡಿ, ಅದರ ವಿಂಡೋ ಇನ್ನೊಂದು ಯಂತ್ರದ ತೆರೆಯಲ್ಲಿ ಕಾಣಿಸಿಕೊಳ್ಳುವುದು ಅದರ ಮೂಲಗುಣವೇ ಆಗಿತ್ತು. ಹೀಗೆ ದೂರದ ತೆರೆಗೆ ಚಿತ್ರ ಕಳಿಸಬಲ್ಲ ವ್ಯವಸ್ಥೆಗೆ, ಆ ಚಿತ್ರವನ್ನು ನಡುವೆ ಬೇರೊಂದು ತೆರೆಗೆ ತಿರುಗಿಸಲು ಮಾತ್ರ ಏಕೆ ಆಗುವುದಿಲ್ಲ?

ಉತ್ತರ ಹೊಳೆಯಬೇಕಾದರೆ ಎಕ್ಸ್‌ನ ತಲೆಕೆಳಗಾದ ಪರಿಭಾಷೆಗೆ ಒಗ್ಗಿಕೊಳ್ಳಬೇಕು. ಇಲ್ಲಿ ಸರ್ವರ್ ಎಂದರೆ ನಮ್ಮ ಮಡಿಲ ಮೇಲಿರುವ ಲ್ಯಾಪ್‌ಟಾಪ್, ಏಕೆಂದರೆ ತೆರೆ, ಕೀಬೋರ್ಡ್, ಮೌಸ್ ಮೂರನ್ನೂ ಕೇಳಿದವರಿಗೆ ಒದಗಿಸುವುದು ಅದು. ಕಚೇರಿಯ ದೊಡ್ಡ ಯಂತ್ರದಲ್ಲಿ ಓಡುವ ಪ್ರೋಗ್ರಾಂ ಅದರ ಕ್ಲೈಂಟ್. ಹೊಸ ಇಂಜಿನಿಯರುಗಳಿಗೆ ಇದನ್ನು ಹೇಳಿಕೊಡುವಾಗ ಪ್ರತಿ ಸಲವೂ ಎರಡೆರಡು ಬಾರಿ ಹೇಳಬೇಕಾಗುತ್ತದೆ. ಮುಖ್ಯ ಸಂಗತಿಯೆಂದರೆ ವಿಂಡೋ, ಪಿಕ್ಸ್‌ಮ್ಯಾಪ್ (ತೆರೆಯ ಮರೆಯಲ್ಲಿ ಇಟ್ಟ ಚಿತ್ರ), ಫಾಂಟ್, ಬಣ್ಣಗಳ ಪಟ್ಟಿ ಇವೆಲ್ಲ ಇರುವುದು ಆ ಸರ್ವರ್‌ನ ನೆನಪಿನಲ್ಲಿ. ಪ್ರೋಗ್ರಾಂ ಬಳಿ ಇರುವುದು ಅವುಗಳ ನಂಬರುಗಳು ಮಾತ್ರ. ಸಂಪರ್ಕ ಏರ್ಪಟ್ಟಾಗ ಸರ್ವರ್ ಒಂದು ನಂಬರಿನ ವ್ಯಾಪ್ತಿಯನ್ನು ಕೊಡುತ್ತದೆ, ಪ್ರೋಗ್ರಾಂ ಅದರೊಳಗೇ ಹೆಸರಿಡುತ್ತಾ ಹೋಗುತ್ತದೆ. ಇನ್ನೊಂದು ಸರ್ವರ್‌ಗೆ ಹೋದರೆ ಆ ವ್ಯಾಪ್ತಿ ಬೇರೆ. ‘ಆಟಂ’ ಎಂದು ಕರೆಯುವ, ಪದಗಳಿಗೆ ಬದಲಾಗಿ ಬಳಸುವ ಸಂಖ್ಯೆಗಳಲ್ಲಿ ಮೊದಲ 68 ಮಾತ್ರ ಎಲ್ಲೆಡೆ ಒಂದೇ; ಉಳಿದವನ್ನು ಪ್ರತಿ ಸರ್ವರ್ ತನಗೆ ಕೇಳಿದ ಕ್ರಮದಲ್ಲಿ ಹಂಚುತ್ತದೆ. ಹೀಗಾಗಿ ಸಂಪರ್ಕ ಕಡಿದ ಗಳಿಗೆಯಲ್ಲಿ ಪ್ರೋಗ್ರಾಂ ಕೈಯಲ್ಲಿರುವ ನಂಬರುಗಳೆಲ್ಲ ಮುಳುಗಿದ ಬ್ಯಾಂಕಿನ ಪಾಸ್‌ಬುಕ್ಕಿನಂತಾಗುತ್ತವೆ. ಎಕ್ಸ್‌ಲಿಬ್ ಎಂಬ ಹಳೆಯ ಲೈಬ್ರರಿಯಂತೂ ಇಂಥ ಸಂದರ್ಭದಲ್ಲಿ ಪ್ರೋಗ್ರಾಂಗೆ ಎರಡನೆಯ ಮಾತನ್ನೇ ಆಡಲು ಬಿಡದೆ ಅದನ್ನು ಮುಗಿಸಿಬಿಡುತ್ತಿತ್ತು. ಹಾಗೆ ಸಾಯದೆ ಉಳಿಯಲು ಅಧಿಕೃತವಾದ ದಾರಿಯೊಂದು ಅದರಲ್ಲಿ ತೆರೆದದ್ದು 2020ರಲ್ಲಿ. ಮೂವತ್ತು ವರ್ಷಕ್ಕೂ ಮೀರಿದ ಈ ವಿಳಂಬವನ್ನು ನಾನು ಔದಾಸೀನ್ಯವೆಂದೇ ತಿಳಿಯುತ್ತೇನೆ.

ಹಾಗೆಂದು ಯಾರೂ ಪ್ರಯತ್ನಿಸಲಿಲ್ಲವೆಂದಲ್ಲ. 1990ರ ದಶಕದ ಮೊದಲ ಭಾಗದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ‘ಎಕ್ಸ್‌ಮೂವ್’ ಎಂಬ ನಡುಗಾರನೊಬ್ಬ ಹುಟ್ಟಿಕೊಂಡ. ಪ್ರೋಗ್ರಾಂ ಅದನ್ನೇ ತನ್ನ ತೆರೆಯೆಂದು ನಂಬಿ ಮಾತಾಡುತ್ತದೆ. ಅದು ಆ ಮಾತನ್ನು ನಿಜವಾದ ತೆರೆಗೆ ದಾಟಿಸುತ್ತಲೇ ಯಾವ ಯಾವ ವಿಂಡೋ ಹುಟ್ಟಿತು, ಯಾವುದರ ಗುಣವೇನು ಎಂದು ಲೆಕ್ಕ ಬರೆದಿಟ್ಟುಕೊಳ್ಳುತ್ತದೆ. ಜಾಗ ಬದಲಿಸು ಎಂದಾಗ ಆ ಲೆಕ್ಕದ ಪ್ರಕಾರ ಹೊಸ ತೆರೆಯಲ್ಲಿ ಎಲ್ಲವನ್ನೂ ಮತ್ತೆ ಕಟ್ಟಿ, ಅಲ್ಲಿಂದ ಮುಂದೆ ಹಳೆಯ ನಂಬರಿಗೆ ಹೊಸ ನಂಬರನ್ನು ಅದಲು ಬದಲು ಮಾಡುತ್ತಾ ಹೋಗುತ್ತದೆ. ಉಪಾಯ ಸೊಗಸಾದದ್ದೇ. ಆದರೆ ಒಂದು ತೆರೆ 256 ಬಣ್ಣಗಳದು, ಇನ್ನೊಂದು ಲಕ್ಷಾಂತರ ಬಣ್ಣಗಳದು ಆಗಿದ್ದ ಕಾಲವದು. ಬಣ್ಣವನ್ನು ಸೂಚಿಸುವ ಬಗೆಯೇ ಎರಡೂ ಕಡೆ ಬೇರೆಯಾಗಿದ್ದರೆ ನಡುಗಾರ ಒಂದೊಂದು ಪಿಕ್ಸೆಲ್ಲನ್ನೂ ಭಾಷಾಂತರಿಸಬೇಕಾಗುತ್ತಿತ್ತು.

ಮುಂದೆ ಈ ಹೊಣೆಯನ್ನು ಪ್ರೋಗ್ರಾಂಗಳ ಮೇಲೆಯೇ ಹೊರಿಸುವ ಯೋಚನೆ ಬಂತು. ವಿಂಡೋ, ಗುಂಡಿಗಳನ್ನು ಕಟ್ಟಲು ಪ್ರೋಗ್ರಾಂಗಳು ಬಳಸುವ ಲೈಬ್ರರಿ ಜಿಟಿಕೆ; 2002ರ ಕೊನೆಗೆ ಬಂದ ಅದರ 2.2ನೇ ಆವೃತ್ತಿಯಲ್ಲಿ, ಒಂದೇ ಪ್ರೋಗ್ರಾಂ ಹಲವು ತೆರೆಗಳೊಡನೆ ವ್ಯವಹರಿಸುವ ಮತ್ತು ತನ್ನ ವಿಂಡೋವನ್ನು ಒಂದರಿಂದ ಇನ್ನೊಂದಕ್ಕೆ ತಾನೇ ಸಾಗಿಸುವ ಅನುಕೂಲವಿತ್ತು. ಜಿಟಿಕೆಯ ಜೊತೆಗೆ ಬರುತ್ತಿದ್ದ ಮಾದರಿ ಪ್ರೋಗ್ರಾಂನಲ್ಲಿ ‘ಚೇಂಜ್ ಡಿಸ್‌ಪ್ಲೇ’ ಎಂಬ ಪುಟ್ಟ ಪ್ರದರ್ಶನವನ್ನೂ ಇಟ್ಟಿದ್ದರು. ಅದನ್ನು ಮೊದಲ ಬಾರಿಗೆ ಮಾಡಿ ನೋಡಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ದಿನವೂ ಬಳಸುವ ಪ್ರೋಗ್ರಾಂಗಳಲ್ಲಿ ಮಾತ್ರ ಇದನ್ನು ಅಳವಡಿಸಿಕೊಂಡದ್ದನ್ನು ನಾನು ಹೆಚ್ಚು ಕಂಡಿಲ್ಲ. ಪಠ್ಯ ಬರೆಯುವ, ತಿದ್ದುವ ಈಮ್ಯಾಕ್ಸ್ ಒಂದು ದೊಡ್ಡ ಅಪವಾದ: ಓಡುತ್ತಿರುವ ಒಂದೇ ಈಮ್ಯಾಕ್ಸ್ ಕಚೇರಿಯ ತೆರೆಯಲ್ಲೊಂದು, ಮನೆಯ ತೆರೆಯಲ್ಲೊಂದು ಫ್ರೇಮ್ (ಅದರ ಭಾಷೆಯಲ್ಲಿ ವಿಂಡೋ) ತೆರೆಯಬಲ್ಲದು. ಆದರೆ ಅದನ್ನು ಜಿಟಿಕೆಯೊಡನೆ ಕಟ್ಟಿದ್ದು ಎಕ್ಸ್ ಸಂಪರ್ಕ ಹಠಾತ್ತನೆ ಕಡಿದರೆ ಇಡೀ ಈಮ್ಯಾಕ್ಸೇ ಕುಸಿಯಬಹುದು, ಈ ದೋಷ ಬಹುಕಾಲದ್ದು, ಬೇಕಿದ್ದರೆ ಜಿಟಿಕೆಗೆ ಬದಲಾಗಿ ಲೂಸಿಡ್ ಎಂಬ ಲೈಬ್ರರಿ ಬಳಸಿ ಕಟ್ಟಿಕೊಳ್ಳಿ ಎಂದು ಸ್ವತಃ ಈಮ್ಯಾಕ್ಸೇ ಪ್ರಾರಂಭದಲ್ಲಿ ಎಚ್ಚರಿಕೆ ಕೊಡುತ್ತದೆ.

ನಮ್ಮ ವೃತ್ತಿಯಲ್ಲಿ ಬಹುಪಾಲು ಜನ ವಿಎನ್‌ಸಿಯನ್ನು ನೆಚ್ಚಿಕೊಂಡಿದ್ದಾರೆ. ಕೇಂಬ್ರಿಡ್ಜ್‌ನ ಆಲಿವೆಟ್ಟಿ ಪ್ರಯೋಗಾಲಯದಲ್ಲಿ 1990ರ ದಶಕದಲ್ಲಿ ಮೂಡಿದ ಇದು ಇಡೀ ಡೆಸ್ಕ್‌ಟಾಪನ್ನೇ ದೂರದ ಯಂತ್ರದಲ್ಲಿ ಇಟ್ಟುಕೊಂಡು ಅದರ ಚಿತ್ರವನ್ನಷ್ಟೇ ನಮಗೆ ತೋರಿಸುತ್ತದೆ. ಸಂಪರ್ಕ ಕಡಿದರೂ ಅಲ್ಲಿಯ ಸಂಸಾರ ಹಾಗೆಯೇ ನಡೆದಿರುತ್ತದೆ. ನನಗೆ ಮಾತ್ರ ಡೆಸ್ಕ್‌ಟಾಪಿನೊಳಗೊಂದು ಡೆಸ್ಕ್‌ಟಾಪ್, ಕೆಳಗೆ ಎರಡೆರಡು ಟಾಸ್ಕ್‌ಬಾರ್ ಎಂದರೆ ಇಕ್ಕಟ್ಟು. ನನಗೆ ಬೇಕಿದ್ದದ್ದು ಒಂದೇ ಒಂದು ವಿಂಡೋ.

ಅದನ್ನು ಮಾಡಿಕೊಡುವುದು ಎಕ್ಸ್‌ಪ್ರಾ. ದೂರದ ಯಂತ್ರದಲ್ಲಿ ಅದು ಯಾವ ಮಾನಿಟರೂ ಇಲ್ಲದ, ನೆನಪಿನಲ್ಲಷ್ಟೇ ಇರುವ ಒಂದು ಎಕ್ಸ್ ಸರ್ವರನ್ನು ಹೂಡಿ, ವಿಂಡೋಗಳ ಅಂಚು, ಜಾಗ ನೋಡಿಕೊಳ್ಳುವ ಅಲ್ಲಿಯ ವಿಂಡೋ ಮ್ಯಾನೇಜರ್ ಕೂಡ ತಾನೇ ಆಗುತ್ತದೆ. ನಮ್ಮ ಪ್ರೋಗ್ರಾಂ ಆ ಹುಸಿ ತೆರೆಯ ಮೇಲೆ ಚಿತ್ರ ಬರೆಯುತ್ತದೆ. ಒಂದೊಂದು ವಿಂಡೋದಲ್ಲಿ ಬದಲಾದ ಭಾಗವನ್ನಷ್ಟೇ ಎಕ್ಸ್‌ಪ್ರಾ ಕುಗ್ಗಿಸಿ ನಮಗೆ ಕಳಿಸಿ, ನಮ್ಮ ತೆರೆಯಲ್ಲಿ ನಮ್ಮದೇ ಅಂಚು, ನಮ್ಮದೇ ಮುಚ್ಚುವ ಗುಂಡಿ ಇರುವ ವಿಂಡೋವಾಗಿ ನಿಲ್ಲಿಸುತ್ತದೆ. ಅಂದರೆ ಎಕ್ಸ್‌ಮೂವ್ ಎದುರಿಸಿದ ಪ್ರಶ್ನೆಯನ್ನು ಇದು ಬಿಡಿಸಲಿಲ್ಲ, ಅದನ್ನು ಸುತ್ತು ಹಾಕಿಕೊಂಡು ಹೋಯಿತು. ಪ್ರೋಗ್ರಾಂ ತನ್ನ ತೆರೆಯನ್ನು ಒಮ್ಮೆಯೂ ಬಿಡುವುದಿಲ್ಲ, ನಂಬರು, ಆಟಂ ಯಾವುದೂ ಬದಲಾಗುವುದಿಲ್ಲ, ಓಡಾಡುವುದು ಚಿತ್ರ ಮಾತ್ರ.

ಈಗ ಕಚೇರಿಯ ಯಂತ್ರದಲ್ಲಿ ಎಕ್ಸ್‌ಪ್ರಾದ 100ನೇ ನಂಬರಿನ ಡಿಸ್‌ಪ್ಲೇ (ಹುಸಿ ತೆರೆ) ಮೇಲೆ ಜಿಟಿಕೆವೇವ್ ಹಚ್ಚುತ್ತೇನೆ. ಸಂಜೆ ಹೊರಡುವಾಗ ಟರ್ಮಿನಲ್‌ನಲ್ಲಿ ಕಂಟ್ರೋಲ್ ಸಿ ಒತ್ತಿದರೆ ವಿಂಡೋ ಮಾಯವಾಗುತ್ತದೆ, ಪ್ರೋಗ್ರಾಂ ಉಳಿಯುತ್ತದೆ. ರಾತ್ರಿ ಊಟವಾದ ಮೇಲೆ ಮನೆಯ ಲ್ಯಾಪ್‌ಟಾಪಿನಿಂದ ಅದೇ 100ಕ್ಕೆ ಅಟ್ಯಾಚ್ ಮಾಡಿದರೆ ಮಾರ್ಕರ್ ಇಟ್ಟ ಜಾಗದಲ್ಲೇ ಇರುತ್ತದೆ. ಒಂದೇ ಒಂದು ಷರತ್ತು: ಪ್ರೋಗ್ರಾಂ ಹುಟ್ಟುವಾಗಲೇ ಎಕ್ಸ್‌ಪ್ರಾ ಒಳಗೆ ಹುಟ್ಟಿರಬೇಕು. ದೂರದ ಯಂತ್ರಕ್ಕೆ ಸಂಪರ್ಕ ಕಲ್ಪಿಸುವ ಎಸ್‌ಎಸ್‌ಎಚ್ ಮೂಲಕ ಮಾಮೂಲಿಯಾಗಿ ತೆರೆದ ವಿಂಡೋವನ್ನು ಆಮೇಲೆ ಅದರೊಳಕ್ಕೆ ಸೇರಿಸಿಕೊಳ್ಳಲು ಹೊರಟರೆ ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಎಕ್ಸ್‌ನ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್‌ನಲ್ಲಿ ಕತೆ ಸ್ವಲ್ಪ ಬೇರೆ. ಅಲ್ಲಿ ಪ್ರೋಗ್ರಾಂ ತನ್ನ ಚಿತ್ರವನ್ನು ತಾನೇ ಬರೆದು ಕೊಡುವುದರಿಂದ ತೆರೆಯ ಕಡೆ ಉಳಿಯುವ ಗುಟ್ಟುಗಳು ಕಡಿಮೆ. 2024ರ ಫೆಬ್ರುವರಿಯಲ್ಲಿ ಬಂದ ಕೆಡಿಇಯ ಪ್ಲಾಸ್ಮಾ 6 ಎಂಬ ಡೆಸ್ಕ್‌ಟಾಪಿನಲ್ಲಿ, ತೆರೆಯನ್ನು ನಡೆಸುವ ಕಾಂಪೊಸಿಟರ್ ಕುಸಿದುಬಿದ್ದು ಮತ್ತೆ ಎದ್ದರೆ ಕ್ಯೂಟಿ 6 ಎಂಬ ಲೈಬ್ರರಿ ಬಳಸಿ ಕಟ್ಟಿದ ಪ್ರೋಗ್ರಾಂಗಳು ಸಾಯದೆ ಅದಕ್ಕೆ ಮರಳಿ ಅಂಟಿಕೊಳ್ಳುತ್ತವೆ. ಬಿದ್ದು ಎದ್ದ ತೆರೆಗೆ ಅಂಟಿಕೊಳ್ಳಬಲ್ಲದ್ದು ಪಕ್ಕದ ಯಂತ್ರದ ತೆರೆಗೂ ಅಂಟಿಕೊಳ್ಳಬಹುದಲ್ಲ ಎಂಬ ಆಸೆ ನನ್ನದು.

ಎಕ್ಸ್‌ಪ್ರಾ ಬಗ್ಗೆ ನನಗೆ ಉಳಿದಿರುವ ದೂರು ಒಂದೇ. ಕಚೇರಿಯ 27 ಇಂಚಿನ ಮಾನಿಟರ್ ನೋಡಿಕೊಂಡು ಅಕ್ಷರದ ಗಾತ್ರ ನಿರ್ಧರಿಸಿದ ಪ್ರೋಗ್ರಾಂ, ಒತ್ತೊತ್ತಾದ ಪಿಕ್ಸೆಲ್‌ಗಳಿರುವ ಮನೆಯ ಲ್ಯಾಪ್‌ಟಾಪಿಗೆ ಬಂದಾಗಲೂ ಅದೇ ಗಾತ್ರಕ್ಕೆ ಪಟ್ಟು ಹಿಡಿಯುತ್ತದೆ. ಸಿಗ್ನಲ್‌ಗಳ ಹೆಸರು ಇರುವೆಯ ಸಾಲಿನಂತೆ ಕಾಣುತ್ತದೆ. ಚಾಳೀಸು ಹಾಕಿಕೊಂಡು ತೆರೆಯ ಹತ್ತಿರ ಬಾಗಿ ಕೂತು ಓದುತ್ತೇನೆ.