ಹುಲಿಗಿಗೆ ಹೋದವರು ಹಡಗಿನ ಕಥೆ ಕೇಳಿಕೊಂಡು ಬಂದೆವು

ಹುಲಿಗೆಮ್ಮನ ದರ್ಶನ, ಮುನಿರಾಬಾದಿನ ಡ್ಯಾಮು, ಮಾರನೇ ದಿನ ಆನೆಗೊಂದಿ. ರಾಯಚೂರಿನಿಂದ ಹೊರಟಾಗ ನಮ್ಮ ಪ್ಲಾನು ಇಷ್ಟೇ. ಆನೆಗೊಂದಿ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ಅದನ್ನು ಬಿಡ್ತೀನಿ. ನನ್ನ ತಲೆಯಲ್ಲಿ ಇನ್ನೂ ಓಡುತ್ತಿರುವುದು ತುಂಗಭದ್ರಾ ಹಿನ್ನೀರಿನ ದಡದಲ್ಲಿ ಕೇಳಿದ ಮಾತು.

ಅದಕ್ಕೆ ಮೊದಲು ಒಂದು ವಿಷಯ. ಹುಣ್ಣಿಮೆಗೆ ಹುಲಿಗಿಗೆ ಹೋಗುವವರು ಫೋನಿನಲ್ಲಿ ಹೇಳಿದ ರೂಮನ್ನು ನಂಬಬೇಡಿ. ನಮ್ಮಿಂದ ಮುಂಗಡ ಹಾಕಿಸಿಕೊಂಡ ಲಾಡ್ಜಿನವರು, ಮಕ್ಕಳನ್ನು ಎತ್ತಿಕೊಂಡು ಬಾಗಿಲಿಗೆ ಹೋದಾಗ ಇವತ್ತು ಹುಣ್ಣಿಮೆ, ರೇಟು ಡಬಲ್ ಅಂದರು. ಮುಂಗಡವೂ ವಾಪಸ್ ಬರಲಿಲ್ಲ. ರಸೀದಿ ಕೈಗೆ ಬಾರದೆ ದುಡ್ಡು ಕೊಡಲೇಬೇಡಿ.

ಬೇಸಿಗೆ ಆದ್ದರಿಂದ ಹಿನ್ನೀರು ಬಹಳ ಹಿಂದೆ ಸರಿದಿತ್ತು. ದಡದ ಚಹಾ ಚಪ್ಪರದಲ್ಲಿ ಮೀನುಗಾರರೊಬ್ಬರು ಬಲೆ ರಿಪೇರಿ ಮಾಡುತ್ತಾ ಕುಳಿತಿದ್ದರು. ಪಕ್ಕದಲ್ಲಿ ಮೊಮ್ಮಗನ ಜೊತೆ ಬಂದಿದ್ದ ಕೊಪ್ಪಳದ ಕಡೆಯ ಹಿರಿಯರು, ನೌಕಾಪಡೆಯಿಂದ ನಿವೃತ್ತರಾದವರು. ಒಗ್ಗರಣೆ ಮಿರ್ಚಿ ಬಂತು. ಮಂಡಕ್ಕಿ ಒಗ್ಗರಣೆ ಈ ಕಡೆ ಮಾಡಿದಷ್ಟು ರುಚಿ ಬೇರೆಲ್ಲೂ ಇಲ್ಲ, ಇದು ನನ್ನ ಖಚಿತ ಅಭಿಪ್ರಾಯ. ತಿನ್ನುತ್ತಾ ಹಿರಿಯರು ಐಎನ್ಎಸ್ ಗುಲ್ದಾರ್ ಕಥೆ ತೆಗೆದರು.

ಪೋಲೆಂಡಿನಲ್ಲಿ ಕಟ್ಟಿದ ಹಡಗು, 80 ಮೀಟರಿಗೂ ಜಾಸ್ತಿ ಉದ್ದ. ದಡಕ್ಕೇ ಬಂದು, ಮೂತಿ ತೆರೆದು, ಟ್ಯಾಂಕುಗಳನ್ನೂ ಸೈನಿಕರನ್ನೂ ಇಳಿಸುವಂಥದ್ದು. 1985ರ ಕೊನೆಯಲ್ಲಿ ಸೇವೆಗೆ ಸೇರಿ 2024ರ ಜನವರಿಯಲ್ಲಿ ಪೋರ್ಟ್ ಬ್ಲೇರಿನಲ್ಲಿ ನಿವೃತ್ತಿ ಆಯ್ತು. ಆಮೇಲೆ ನಮ್ಮ ಕಾರವಾರಕ್ಕೆ ತಂದು, ಅಲ್ಲಿಂದ ಮಹಾರಾಷ್ಟ್ರಕ್ಕೆ ಕೊಟ್ಟರು. ಸಿಂಧುದುರ್ಗದ ನಿವತಿ ಬಂಡೆಗಳ ಹತ್ತಿರ ಸಮುದ್ರದಲ್ಲಿ ಮುಳುಗಿಸಿ, ಮೀನಿಗೆ ಮನೆ, ಜನರಿಗೆ ಮ್ಯೂಸಿಯಂ ಮಾಡುವ ಯೋಜನೆ.

"ಚಲೋ ಹಡಗ ಯಾಕ್ರೀ ಮುಳುಗಸ್ತಾರ? ಗುಜರಿಗೆ ಹಾಕಿದ್ರ ರೊಕ್ಕರೆ ಬರ್ತಿತ್ತಲ್ಲ" ಅಂದರು ಮೀನುಗಾರರು.

ಹಿರಿಯರಿಗೆ ಈ ಪ್ರಶ್ನೆ ತಾಗಿತು ಅನಿಸುತ್ತೆ. ಸ್ವಲ್ಪ ಹೊತ್ತು ಬಿಟ್ಟು ವಿವರಿಸಿದರು. ಸಮುದ್ರದ ತಳ ಎಷ್ಟೋ ಕಡೆ ಬರೀ ಮರಳು, ಕೆಸರು. ಹವಳದ ಮರಿಗಳಿಗೆ, ಚಿಪ್ಪಿನ ಜೀವಿಗಳಿಗೆ ಅಂಟಿಕೊಳ್ಳಲು ಗಟ್ಟಿ ಜಾಗ ಬೇಕು. ಕಬ್ಬಿಣದ ಮೈ ಸಿಕ್ಕರೆ ಅವು ಹಿಡಿದುಕೊಳ್ಳುತ್ತವೆ, ಅವುಗಳ ಹಿಂದೆ ಸಣ್ಣ ಮೀನು, ಅದರ ಹಿಂದೆ ದೊಡ್ಡ ಮೀನು. ಆದರೆ ಸುಮ್ನೆ ಮುಳುಗಿಸುವ ಹಾಗಿಲ್ಲ. ಎಣ್ಣೆ, ಕಲ್ನಾರು, ವಿಷದ ಬಣ್ಣ, ವೈರು ಎಲ್ಲಾ ತೆಗೆಯಬೇಕು. ಒಳಗೆ ಹೋದ ಮುಳುಗುಗಾರರು ಸಿಕ್ಕಿಬೀಳದಂತೆ ದಾರಿ ಕೊರೆಯಬೇಕು. ಅಮೆರಿಕದವರು 2006ರಲ್ಲಿ ಒರಿಸ್ಕನಿ ಎಂಬ ವಿಮಾನವಾಹಕ ಹಡಗನ್ನೇ ಫ್ಲೋರಿಡಾದ ಹತ್ತಿರ ಇಳಿಸಿದರಂತೆ, ಅದು ತಳ ಸೇರಲು 37 ನಿಮಿಷ ಹಿಡಿಯಿತು. ಅದೇ ಫ್ಲೋರಿಡಾದಲ್ಲಿ 1970ರ ದಶಕದಲ್ಲಿ ಲಕ್ಷಗಟ್ಟಲೆ ಹಳೇ ಟೈರು ಸುರಿದಿದ್ದರು. ಕಟ್ಟು ಬಿಚ್ಚಿಕೊಂಡು ಟೈರುಗಳು ಅಲೆಗೆ ಉರುಳಿ, ಇದ್ದ ಹವಳವನ್ನೂ ಹಾಳು ಮಾಡಿದವು.

ಬಳ್ಳಾರಿ ಅದಿರು, ತೋರಣಗಲ್ಲಿನ ಉಕ್ಕು ನೋಡುತ್ತಾ ಬೆಳೆದ ನಮಗೆ ಕಬ್ಬಿಣ ಅಂದರೆ ಲಾರಿ, ಧೂಳು, ದುಡ್ಡು. ಅದರ ಮೈಮೇಲೆ ಜೀವ ಬೆಳೆಯುತ್ತೆ ಅಂತ ಕೇಳಿ ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ.

ಮೀನುಗಾರರಿಗೆ ಮಾತ್ರ ಆಶ್ಚರ್ಯ ಆಗಲಿಲ್ಲ. ಡ್ಯಾಮು ಕಟ್ಟಿದಾಗ ಮುಳುಗಿದ ಊರುಗಳ ಕಡೆಗೆ ಕೈ ತೋರಿಸಿದರು. "ಹಳೇ ಗ್ವಾಡಿ, ಕಲ್ಲು ಇದ್ದಲ್ಲೇ ಮೀನ ನಿಲ್ತಾವ್ರಿ. ನಾವೂ ಮುಳ್ಳಕಂಟಿ ಒಗೀತೀವಿ." ಇಲ್ಲಿ ಸಿಹಿನೀರು, ಹವಳ ಬರಲ್ಲ ಅಂತ ಹಿರಿಯರು ನೆನಪಿಸಿದರು. ಅದಕ್ಕೆ ಮೀನುಗಾರರು ಕೇಳಿದ್ದು: "ಹಡಗಿನ ಹತ್ರ ಬಲೆ ಹಾಕಾಕ ಬಿಡ್ತಾರೇನ್ರಿ? ಬಿಟ್ರ ಇದ್ದಬದ್ದ ಮೀನೆಲ್ಲ ಒಂದ ಕಡೆ ಕೂಡ್ತಾವು, ಒಂದ ವರ್ಷದಾಗ ಖಾಲಿ."

ವಿಜ್ಞಾನಿಗಳು ಎಷ್ಟೋ ವರ್ಷದಿಂದ ವಾದ ಮಾಡುತ್ತಿರುವುದೂ ಇದನ್ನೇ, ಹಡಗು ಮೀನನ್ನು ಹೆಚ್ಚಿಸುತ್ತಾ ಅಥವಾ ಸುತ್ತಲಿನದ್ದನ್ನು ಬರೀ ಒಂದೆಡೆ ಸೇರಿಸುತ್ತಾ ಅಂತ. ಹಿರಿಯರು ಉತ್ತರ ಕೊಡಲಿಲ್ಲ. ನನಗಂತೂ ಮೀನುಗಾರರ ಮಾತೇ ಸರಿ ಅನಿಸಿತು. ಹಡಗು ಇಳಿಸುವ ಮೊದಲೇ ಅದರ ಸುತ್ತ ಬಲೆ ಬೀಸಬಾರದು ಅಂತ ನಿಯಮ ಆಗಬೇಕು, ಆ ನಿಯಮ ಮಾಡುವಾಗ ಅಲ್ಲಿನ ಮೀನುಗಾರರನ್ನು ಕೂರಿಸಿಕೊಂಡು ಕೇಳಬೇಕು. ಹಿರಿಯರು ಗುಲ್ದಾರ್ ನೋಡಲು ಸಿಂಧುದುರ್ಗದ ಮಾಲ್ವಣದ ಕಡೆ ಹೋಗಬೇಕು ಅಂತಿದ್ದಾರೆ. ನಾನೂ ಬರ್ತೀನಿ ಅಂತ ನಂಬರ್ ತಗೊಂಡಿದ್ದೀನಿ.